ವೃಂದಾಳ ಉಪವಾಸ

ವೃಂದಾ,

ಇವತ್ತು ಇಂಡಿ ಊರಿನ ದವಾಖಾನೆಯಲ್ಲಿ ನನ್ನ ಪಕ್ಕ ಒಬ್ಬ ತಾಯಿ ಮಗಳೊಂದಿಗೆ ಕುಳಿತಿದ್ದಳು. ಹುಡುಗಿ ಮನೆಯಲ್ಲಿ ಉಣ್ಣುವುದಿಲ್ಲವಂತೆ. ಸಾಲಿಯಲ್ಲಿ ಗೆಳತಿಯರ ಡಬ್ಬಿ ಕದ್ದು ತಿಂದು, ವಾಂತಿ ಮಾಡುತ್ತಾಳಂತೆ. ಕೇಳಿದರೆ ಹೊಡೆಯಲು ಬರುತ್ತಾಳಂತೆ.

“ಇದು ಬರೇ ಕಳ್ಳತನ ಅಲ್ರಿ, ಜಡ್ಡು ಐತಿ. ಬೈಬ್ಯಾಡ್ರಿ,” ಎಂದರು ಡಾಕ್ಟರು.

ಹದಿನಾರಕ್ಕೇ ನೀನು ಏಕಾದಶಿಯ ಜೊತೆ ಇನ್ನೂ ನಾಲ್ಕು ಉಪವಾಸ ಹಿಡಿದಾಗ ನಾನು ಓಣಿಗೆಲ್ಲ ಹೇಳಿ ಬೀಗಿದೆ. ಪಕ್ಕದ ಮನೆಯ ಶೇಂಗಾ ಉಂಡಿ ಕದ್ದು ಸಿಕ್ಕಿಬಿದ್ದಾಗ ಅದೇ ಓಣಿಯಲ್ಲಿ ನಿನ್ನನ್ನು ಹೊಡೆದೆ. ನೀನು ತೀರಿಕೊಂಡು ನಾಲ್ಕು ವರ್ಷವಾದರೂ ಕಣ್ಣ ಮುಂದೆ ಬರುವವಳು ಆ ಉಪವಾಸಗಳಿಗೂ ಮೊದಲಿನ ವೃಂದಾ. ಹಂಚಿನ ಮೇಲಿನ ರೊಟ್ಟಿ ಕಸಿದು, ಸುಟ್ಟ ಬೆರಳಿಗೆ ಗಾಳಿ ಊದಿಕೊಳ್ಳುತ್ತ ನಗುತ್ತಿದ್ದವಳು.

“ನಿಮಗೂ ಮಗಳದಾಳೇನ್ರಿ?” ಎಂದು ಆ ತಾಯಿ ಕೇಳಿದಳು.

“ಹೌದ್ರಿ,” ಎಂದೆ. “ಛಲೋ ಉಣ್ತಾಳ.”