ಹಳೆಯ ಬೆನ್ನಿನ ಕೋಟು

ಪ್ರೀತಿಯ ಅಪ್ಪಾ,

ನೀನು ಹೊಲಿದು ಕಳಿಸಿದ ಕೋಟು ಸರಿಯಾಗಿಲ್ಲ, ಬಿಚ್ಚಿ ಹೊಲಿದುಕೊಡು ಎಂದು ಹೋದ ವಾರ ಬರೆದಿದ್ದೆನಲ್ಲ, ಅದನ್ನು ಮರೆತುಬಿಡು. ಮುಂದೆ ಜೋಲುತ್ತಿತ್ತು, ಹಿಂದೆ ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಅಪ್ಪನಿಗೆ ವಯಸ್ಸಾಯಿತು, ಕತ್ತರಿ ಮಾತು ಕೇಳುತ್ತಿಲ್ಲ ಎಂದುಕೊಂಡೆ.

ವಾಪಸು ಕಳಿಸುವ ಮುಂಚೆ ನಿನ್ನೆ ಬೆಳಿಗ್ಗೆ ಇನ್ನೊಂದು ಸಲ ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಕಿಟಕಿಯ ಬಿಸಿಲು ಹೆಗಲ ಮೇಲೆ ಕೈಯಿಟ್ಟಂತೆ ಬಿತ್ತು. ಅಂಗಡಿಯಲ್ಲಿ ಟೇಪು ಹಿಡಿದು ನೀನು ಎಲ್ಲರಿಗೂ ಹೇಳುವ ಮಾತು ಎಲ್ಲಿಂದಲೋ ತೇಲಿ ಬಂತು: "ನೆಟ್ಟಗೆ ನಿಂತ್ಕೊಳ್ಳಮ್ಮ, ನೆಲದಲ್ಲಿ ಏನ್ ಹುಡುಕ್ತಿದ್ದೀಯ?" ನಿಂತೆ. ಕೋಟು ತಾನಾಗಿಯೇ ಇಳಿದು ಮೈಮೇಲೆ ಸರಿಯಾಗಿ ಕೂತಿತು.

ನನ್ನವರು ತೀರಿಕೊಂಡ ಮೇಲೆ ಈ ಬೆನ್ನು ಯಾವಾಗ ಬಾಗಿತೋ ನನಗೇ ಗೊತ್ತಾಗಿರಲಿಲ್ಲ. ಕೋಟು ಹೊಲಿಯುವ ಮುಂಚೆ ಇಲ್ಲಿಗೆ ಬಂದಿದ್ದಾಗ ನೀನಂತೂ ನೋಡಿದ್ದೀಯ. ಆದರೂ ಹಳೆಯ ಅಳತೆಗೇ ಕತ್ತರಿಸಿದ್ದೀಯಲ್ಲ, ಕಿಲಾಡಿ!

ಈಗ ಒಲೆಯ ಮುಂದೆಯೂ ಅದನ್ನೇ ಹಾಕಿಕೊಂಡು ನಿಲ್ಲುತ್ತೇನೆ, ನಗಬೇಡ. ಬೆನ್ನು ನೆಟ್ಟಗಾದರೆ ಎದೆಯೊಳಗೆ ಯಾರೋ ಬಾಗಿಲು ತೆರೆದು ಗಾಳಿ ಬಿಟ್ಟ ಹಾಗಾಗುತ್ತದೆ. ಇವತ್ತು ಹಾಲು ಕಾಯಿಸುವಾಗ ಯಾರೋ ಹಾಡು ಗುನುಗುವುದು ಕೇಳಿ ತಿರುಗಿ ನೋಡಿದೆ. ನಾನೇ. ಆಮೇಲೆ ಮತ್ತೆ ಬಾಗುತ್ತೇನೆ, ಸುಳ್ಳೇಕೆ ಹೇಳಲಿ. ಆಗ ಕೋಟು ಕಂಕುಳಲ್ಲಿ ಹಿಡಿದು ಎಳೆಯುತ್ತದೆ.

ಕೋಟಿನ ಒಂದು ಗುಂಡಿ ಎಲ್ಲೋ ಬಿದ್ದುಹೋಗಿದೆ, ಮುಂದಿನ ಸಲ ಬರುವಾಗ ಅಂಥದ್ದೇ ಇನ್ನೊಂದು ತಾ. ಟೇಪನ್ನೂ ತಾ. ಆದರೆ ಈ ಸಲ ನೆಟ್ಟಗೆ ನಿಲ್ಲು ಎಂದು ಹೇಳಬೇಡ. ಸುಮ್ಮನೆ ಅಳತೆ ತೆಗೆದುಕೋ, ನಾನಾಗಿಯೇ ಎಷ್ಟು ನೆಟ್ಟಗೆ ನಿಲ್ಲುತ್ತೇನೋ ನೋಡೋಣ.

ನಿನ್ನ ಮಗಳು