ಓದಿದೆ ಅಂದ ಕಾಗದ

ವಿದ್ಯಾರಣ್ಯಪುರ,
22 ಫೆಬ್ರವರಿ 2026

ಪ್ರೀತಿಯ ಮಂಜುಶ್ರೀ,

ಹೇಗಿದ್ದೀಯ? ಹಾಸನದ ಚಳಿಗೆ ನಿನ್ನ ಮಂಡಿನೋವು ಹೆಚ್ಚಾಗಿಲ್ಲ ತಾನೇ? ಜನವರಿ ಒಂದಕ್ಕೆ ಬರೆಯಬೇಕಾದ ಕಾಗದವನ್ನು ಫೆಬ್ರವರಿ ಮುಗಿಯುವಾಗ ಬರೆಯುತ್ತಿದ್ದೇನೆ, ಬೈದುಕೊಂಡೇ ಓದು. ನಿವೃತ್ತರಾದಾಗಿನಿಂದ ನಾವಿಬ್ಬರೂ ಹೊಸ ವರ್ಷಕ್ಕೆ ಓದುವ ಪುಸ್ತಕಗಳ ಪಟ್ಟಿ ಕಳಿಸಿಕೊಳ್ಳುತ್ತೇವೆ, ಹಳೆಯ ಪಟ್ಟಿಯಲ್ಲಿ ಓದದೆ ಉಳಿದದ್ದನ್ನು ಒಪ್ಪಿಕೊಳ್ಳುತ್ತೇವೆ. ನಿನ್ನದು ಸರಿಯಾದ ಹೊತ್ತಿಗೇ ಬಂತು. ಹನ್ನೆರಡು ಪುಸ್ತಕವಂತೆ. ಕಳೆದ ವರ್ಷವೂ ಹನ್ನೆರಡೇ ಇತ್ತು, ಓದಿದ್ದು ಮೂರು. ಆದರೆ ನಿನ್ನನ್ನು ಆಡಿಕೊಳ್ಳುವ ಯೋಗ್ಯತೆ ಈ ಸಲ ನನಗಿಲ್ಲ.

ನನ್ನ ಪಟ್ಟಿಯಲ್ಲಿ ಈ ವರ್ಷ ಪುಸ್ತಕವೇ ಇಲ್ಲ. ಉರ್ದು ಓದಲು ಕಲಿಯಬೇಕು ಎಂಬುದೊಂದೇ ಇದೆ. ಹುಟ್ಟಿದಾಗಿನಿಂದ ಮನೆಯಲ್ಲಿ ಆಡಿದ್ದು ದಖನಿ ಉರ್ದು, ಓದಿದ್ದು ಕಲಿಸಿದ್ದು ಮಾತ್ರ ಕನ್ನಡ. ಕುರಾನ್ ಓದುತ್ತೀಯಲ್ಲ, ಉರ್ದು ಬರುವುದಿಲ್ಲ ಅಂದರೇನು ಎಂದು ನೀನೇ ಒಮ್ಮೆ ಕೇಳಿದ್ದೆ. ಕುರಾನಿನಲ್ಲಿ ಅಕ್ಷರ ಅಕ್ಷರಕ್ಕೂ ಉಚ್ಚಾರಣೆಯ ಗುರುತಿದೆ, ಚಿಕ್ಕಂದಿನಲ್ಲಿ ಅದನ್ನೇ ಹಿಡಿದುಕೊಂಡು ಕಲಿತೆ. ಉರ್ದು ಕೈಬರಹದಲ್ಲಿ ಆ ಗುರುತುಗಳಿರುವುದಿಲ್ಲ, ಅಕ್ಷರಗಳು ಒಂದರ ಮೇಲೊಂದು ಒರಗಿಕೊಂಡಿರುತ್ತವೆ.

ಕಲಿಸುವವಳು ಯಾರು ಗೊತ್ತೇ? ನಮ್ಮ ಗೌಹರ್. ಒತ್ತಕ್ಷರ ಬಿಡುತ್ತಾಳೆಂದು ಐದನೇ ತರಗತಿಯಲ್ಲಿ ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಹುಡುಗಿ. ಈಗ ಎರಡು ಬೀದಿ ಆಚೆ, ಮನೆಯಲ್ಲೇ ಮಕ್ಕಳಿಗೆ ಉರ್ದು ಹೇಳಿಕೊಡುತ್ತಾಳೆ. ಮೊದಲ ದಿನ ನಾನು ಮಕ್ಕಳ ಜೊತೆ ಚಾಪೆಯ ಮೇಲೆ ಕೂತರೆ ಅವಳೇ ನಾಚಿಕೊಂಡು, "ಟೀಚರ್, ಚೇರ್ ಮೇಲೆ ಕೂತ್ಕೊಳ್ಳಿ, ಪ್ಲೀಸ್" ಎಂದಳು. ಎರಡನೇ ವಾರಕ್ಕೆ, "ಮತ್ತೆ ಚುಕ್ಕಿ ಬಿಟ್ಟಿದ್ದೀರಾ ನೋಡಿ, ಟೀಚರ್" ಎನ್ನತೊಡಗಿದಳು. ಬೆಂಚಿನ ಮೇಲೆ ನಿಲ್ಲಿಸಲಿಲ್ಲ, ಅದು ಅವಳ ದೊಡ್ಡತನ.

ಈ ವಯಸ್ಸಿನಲ್ಲಿ ಏಕೆ ಎಂದು ನೀನು ಕೇಳುತ್ತೀಯ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅಮ್ಮಿ ಚಿಂತಾಮಣಿಯಲ್ಲಿ ನನ್ನ ತಮ್ಮ ನೂರುಲ್ಲಾನ ಮನೆಯಲ್ಲಿದ್ದರಲ್ಲ. ಕಿವಿ ಮಂದವಾಗಿ, ಫೋನ್ ಸ್ಪೀಕರಿನಲ್ಲಿಟ್ಟೇ ಮಾತಾಡಬೇಕಿತ್ತು. ಅದಕ್ಕೇ ಉರ್ದುವಿನಲ್ಲಿ ಕಾಗದ ಬರೆಯುತ್ತಿದ್ದರು, ನಮ್ಮ ಯಜಮಾನರು ಓದಿ ಹೇಳುತ್ತಿದ್ದರು. ಅವರು ಹೋದ ಮೇಲೆ, "ಇನ್ನು ಬರೆದ್ರೂ ನಿಂಗೆ ಯಾರು ಓದಿ ಹೇಳ್ತಾರೆ" ಎಂದು ಅಮ್ಮಿ ಫೋನಿನಲ್ಲಿ ಅತ್ತರು. ಸಮಾಧಾನ ಮಾಡಲು, "ನಾನೇ ಕಲ್ತಿದ್ದೀನಿ ಅಮ್ಮಿ, ಬರೀರಿ" ಎಂದುಬಿಟ್ಟೆ. ಹೊಸ ವರ್ಷಕ್ಕೆ ಕಲಿತುಬಿಟ್ಟರೆ ಸುಳ್ಳೂ ನಿಜವಾಗುತ್ತದೆ ಎಂದುಕೊಂಡಿದ್ದೆ. ಹೊಸ ವರ್ಷ ಬಂತು, ಹೋಯಿತು, ನಾನು ಕಲಿಯಲಿಲ್ಲ.

ಎರಡು ವರ್ಷದ ಹಿಂದೆ ಒಂದು ಕಾಗದ ಬಂತು. ಬೇರೆಯವರಿಂದ ಓದಿಸಲು ಮರ್ಯಾದೆ ಅಡ್ಡ ಬಂತು, ನಾನು ಟೀಚರ್ ಅಲ್ಲವೇ. ಎಂದಿನ ದುವಾ, ಆರೋಗ್ಯದ ವಿಚಾರಣೆ ಇರುತ್ತದೆ ಎಂದು ಬೀರುವಿನಲ್ಲಿಟ್ಟೆ. ವಾರದ ಮೇಲೆ ಫೋನಿನಲ್ಲಿ, "ಕಾಗದ ಓದಿದ್ಯಾ?" ಎಂದು ಕೇಳಿದರು. "ಓದಿದೆ ಅಮ್ಮಿ, ತುಂಬಾ ಚೆನ್ನಾಗಿ ಬರ್ದಿದ್ದೀರಿ" ಎಂದೆ. "ಸರಿ ಬೇಟಾ, ನೀನು ಚೆನ್ನಾಗಿರು" ಎಂದರು. ಆಮೇಲೆ ಬರೆಯಲೇ ಇಲ್ಲ. ಆ ವರ್ಷದ ಕೊನೆಗೆ ತೀರಿಕೊಂಡರು, ಮಣ್ಣಿಗೆ ನೀನೂ ಬಂದಿದ್ದೆ.

ಬ್ಯಾಟರಾಯನಪುರದ ಮುನಿಗಂಗಮ್ಮ ನೆನಪಿದ್ದಾಳಾ? ಮಗಳ ಅಂಕಪಟ್ಟಿಗೆ ಹೆಬ್ಬೆಟ್ಟು ಒತ್ತಲು ಬಂದಾಗ ಎಲ್ಲರೆದುರು ಗದರಿಸಿದ್ದೆ. "ಬರಲ್ಲ ಅಂದ್ರೆ ಬರಲ್ಲ ಮೇಡಂ, ಅದ್ರಾಗೆ ನಾಚ್ಕೆ ಏನೈತೆ? ನೀವೇ ಓದ್ಬುಡಿ" ಎಂದಿದ್ದಳು. ಅಷ್ಟು ಸಲೀಸಾದ ಮಾತು ನನ್ನ ಬಾಯಿಂದ ಬರಲಿಲ್ಲ.

ರಂಜಾನಿನ ರೋಜಾ ಶುರುವಾಗಿ ನಾಲ್ಕು ದಿನವಾಯಿತು. ಹಬ್ಬಕ್ಕೆ ಬಾ, ಶೀರ್ ಖುರ್ಮಾದಲ್ಲಿ ನಿನ್ನ ಪಾಲು ಎತ್ತಿಟ್ಟಿರುತ್ತೇನೆ. ಮೊಮ್ಮಗಳು ಶಿವಾನಿಗೆ ನನ್ನ ಆಶೀರ್ವಾದ. ಅವಳು ಚೆನ್ನಾಗಿ ಓದಲಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲೂ ಕಲಿಯಲಿ.

ನಿನ್ನ,
ಸಬೀರಾ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಗೌಹರ್‌ಗೂ ತೋರಿಸದೆ, ಮೂರು ದಿನ ಕೂತು ಆ ಕಾಗದವನ್ನು ನಾನೇ ಓದಿದೆ. ಇರುವುದು ಇಷ್ಟೇ: "ಈ ಸಲದ ರಂಜಾನ್ ನಿನ್ನ ಮನೆಯಲ್ಲಿ ಕಳೆಯುವ ಆಸೆ. ಇಲ್ಲಿ ಯಾರೂ ಏನೂ ಅಂದಿಲ್ಲ, ಆದರೂ ನಿನ್ನ ಹತ್ತಿರ ಇರಬೇಕು ಅನ್ನಿಸುತ್ತಿದೆ. ಫೋನಿನಲ್ಲಿ ಎಲ್ಲರಿಗೂ ಕೇಳಿಸುತ್ತದೆ, ಈಗ ನೀನೇ ಓದುತ್ತೀಯಲ್ಲ, ಅದಕ್ಕೆ ಬರೆದೆ. ಬಂದು ಕರೆದುಕೊಂಡು ಹೋಗು. ನಿನಗೆ ತೊಂದರೆಯಾಗುವುದಾದರೆ ಈ ವಿಷಯವನ್ನೇ ಎತ್ತಬೇಡ, ನಾನು ತಿಳಿದುಕೊಳ್ಳುತ್ತೇನೆ."

ನಾನು ವಿಷಯ ಎತ್ತಲಿಲ್ಲ, ಮಂಜು. ಓದಿದೆ ಎಂದಷ್ಟೇ ಹೇಳಿದೆ.