ದ್ವೀಪಕ್ಕೆ ಕಳಿಸಿದ ರೊಟ್ಟಿ

ಏಪ್ರಿಲ್ 9

ಹಿಟ್ಟು ಇವತ್ತೂ ಉಬ್ಬಲಿಲ್ಲ. ಕಡಲಂಚಿನ ಈ ಲ್ಯೂಡರಿಟ್ಸ್ ಊರಿನ ಮಂಜಿಗೆ ಹಿಟ್ಟಿಗೂ ಸೋಮಾರಿತನ. ಹಾಸ್ಟೆಲ್ ಮಕ್ಕಳಿಗೆ ಅರ್ಧ ಆಯಸ್ಸು ಬ್ರೆಡ್ ಮಾಡಿ ಹಾಕಿದವಳು ನಾನು, ನನ್ನ ಮುಂದೆಯೇ ಇದರ ಆಟ! ಒಲೆ ಪಕ್ಕ ಕಂಬಳಿ ಹೊದಿಸಿ ಇಟ್ಟಿದ್ದೇನೆ.

ತಿಮೋ ಫೋನ್ ಮಾಡಿದ್ದ, ದೂರದ ವಾಲ್ವಿಸ್ ಬೇ ಬಂದರಿನಿಂದ. ನನಗಿರುವ ಒಬ್ಬನೇ ತಮ್ಮ. ಮಾತಿಗಿಂತ ಉಸಿರಿನ ಸಿಳ್ಳೆಯೇ ಜಾಸ್ತಿ. ಜೀವಮಾನವಿಡೀ ಮೀನಿನ ಟ್ರಾಲರ್, ಅದರ ಜೊತೆ ಸಿಗರೇಟು... ಈಗ ಮೂಗಿಗೆ ಆಮ್ಲಜನಕದ ಕೊಳವೆ.

"ಅಕ್ಕಾ, ಜುಲೈನಲ್ಲಿ ಬರ್ತೀನಿ. ಶಾರ್ಕ್ ದ್ವೀಪದಲ್ಲಿ ಟೆಂಟ್ ಹಾಕೋಣ. ಒಂದೇ ಒಂದು ರಾತ್ರಿ."

"ಈ ವಯಸ್ಸಲ್ಲಿ ಟೆಂಟಾ? ಬೆಳಗ್ಗೆ ನಿನ್ನ ಎತ್ತಿ ನಿಲ್ಸೋಕೆ ಕ್ರೇನ್ ತರಿಸ್ಬೇಕು."

"ನೀನಿದ್ದೀಯಲ್ಲ, ಕ್ರೇನು."

"ನಮ್ಮ ಕಡೆ ಜುಲೈ ಅಂದ್ರೆ ಕೊರೆಯೋ ಚಳಿ ಕಣೋ. ಬೇಸಿಗೆಗೆ ಬಾರೋ. ಡಿಸೆಂಬರ್‌ನಲ್ಲಿ."

ಮೂಗಿನ ಕೊಳವೆ ಸರಿ ಮಾಡಿಕೊಂಡ ಸದ್ದು. ಆಮೇಲೆ — "ಡಾಕ್ಟ್ರು ಡಿಸೆಂಬರ್ ಮಾತೇ ಎತ್ತಲ್ಲ ಕಣೇ."

ಆಯ್ತು ಬಾ ಅಂದೆ. ಯೋಚನೆ ಮಾಡಲಿಲ್ಲ. ನನಗೂ ಬೇಕಾಗಿದ್ದದ್ದು ಅದೇ, ಮದುವೆಯಾಗಿ ಈ ಊರು ಬಿಟ್ಟ ದಿನದಿಂದ, ತಿರುಗಿ ಬಂದ ಮೇಲೂ.

ಏಪ್ರಿಲ್ 10, ಸಂಜೆ

ದೆಲೀನಾಗೆ ಹೇಳಿಬಿಟ್ಟೆ. ಬಾಯಿ ಸುಮ್ಮನಿರಬೇಕಲ್ಲ. ಮೊಮ್ಮಗಳು ಮೀನಿನ ಕಾರ್ಖಾನೆಯಿಂದ ಬಂದವಳು ಬಿಳಿ ಬೂಟು ಕೂಡ ಬಿಚ್ಚದೆ ನಿಂತಳು.

"ಟೆಂಟ್ ಹಾಕ್ತೀರಾ? ಅಲ್ಲಿ?"

"ಒಂದು ರಾತ್ರಿ ಕಣೇ."

"ಅಜ್ಜೀ, ಅದು ಸ್ಮಶಾನ. ಅಲ್ಲಿ ಕ್ಯಾಂಪಿಂಗ್ ನಿಲ್ಸಿ ಅಂತ ನಾವು ಹುಡುಗ್ರು ಗಂಟಲು ಹರ್ಕೋತಿದ್ದೀವಿ. ನಮ್ಮನೆ ಅಜ್ಜಿ ಅಲ್ಲೇ ಕೂತು ಮೀನು ಸುಟ್ಕೊಂಡು ತಿಂತಾಳೆ. ಚೆನ್ನಾಗಿದೆ!"

"ನನಗೆ ಚರಿತ್ರೆ ಹೇಳ್ಕೊಡ್ಬೇಡ. ಜರ್ಮನ್ನರು ನಮ್ಮ ನಾಮಾ ಜನಾನ ಅಲ್ಲಿ ಬೇಲಿಯೊಳಗೆ ತುಂಬಿ, ಚಳಿಗೂ ಹಸಿವಿಗೂ ಬಿಟ್ಟು ಸಾಯ್ಸಿದ್ದು ನೀನು ಹುಟ್ಟೋಕೆ ಮುಂಚೆನೇ ಗೊತ್ತು ನನಗೆ. ನಮ್ಮ ಅಜ್ಜಿ ಔಮಾ ಆ ಬೇಲಿಯೊಳಗಿಂದ ಬಂದೋಳು."

"ಗೊತ್ತಿದ್ದೂ ಹೇಗೆ ಮನಸ್ಸು ಬರುತ್ತೆ ನಿನಗೆ?"

"ಬೂಟು ಬಿಚ್ಚು, ನೆಲ ಒರೆಸಿದ್ದೀನಿ" ಅಂದೆ.

ಏಪ್ರಿಲ್ 14

ಹೇಗೆ ಮನಸ್ಸು ಬರುತ್ತದಂತೆ. ಬರುತ್ತದೆ ತಾಯಿ. ನನ್ನ ಬಾಲ್ಯ ಇರುವುದೇ ಅಲ್ಲಿ. ಬೇರೆ ಕಡೆ ಇದ್ದಿದ್ದರೆ ಬೇರೆ ಕಡೆ ಹೋಗುತ್ತಿದ್ದೆ.

ಅಪ್ಪ ಆ ದ್ವೀಪದ ಕಾವಲುಗಾರ. ಬೇಸಿಗೆ ಪೂರ್ತಿ ಬಿಳಿಯರ ಟೆಂಟುಗಳು. ನಮಗೆ ಗೇಟಿನ ಹತ್ತಿರವೂ ಜಾಗವಿಲ್ಲ. ಚಳಿಗಾಲ ಬಂತೋ, ಅವರೆಲ್ಲ ಗಂಟು ಮೂಟೆ ಕಟ್ಟಿಕೊಂಡು ಒಳನಾಡಿಗೆ. ಗೇಟಿಗೆ ಬೀಗ, ಬೀಗದ ಕೈ ಅಪ್ಪನ ಸೊಂಟದಲ್ಲಿ. ಅಲ್ಲಿಂದ ಮುಂದೆ ಇಡೀ ದ್ವೀಪ ನನ್ನದು, ತಿಮೋನದು. ಯಾರೋ ಬಿಟ್ಟುಹೋದ ಹರಕು ಟೆಂಟಿಗೆ ಅಪ್ಪ ಹೊಲಿಗೆ ಹಾಕಿ ಕೊಟ್ಟಿದ್ದ. ದೀಪಸ್ತಂಭದ ಕೆಳಗಿನ ದೊಡ್ಡ ಬಂಡೆ ನಮ್ಮ ಹಡಗು. ತಿಮೋ ತಲೆ ಮೇಲೆ ಪಾತ್ರೆ ಬೋರಲು ಹಾಕಿಕೊಂಡು ಕ್ಯಾಪ್ಟನ್. ನಾನು ದೊಡ್ಡವಳಾದರೂ ಯಾವಾಗಲೂ ಕೂಲಿ! ಗಾಳಿ ಎಷ್ಟು ಜೋರೆಂದರೆ ಕೈ ಬಿಚ್ಚಿ ಅದಕ್ಕೇ ಒರಗಿ ನಿಲ್ಲಬಹುದಿತ್ತು. ನಿಂತು ನಗುತ್ತಿದ್ದೆವು. ಯಾಕೆ ನಗುತ್ತಿದ್ದೆವೋ, ದೇವರೇ ಬಲ್ಲ.

ಸತ್ತ ಜರ್ಮನ್ ಸೈನಿಕರ ಹೆಸರು ಕೆತ್ತಿದ ಕಲ್ಲೊಂದು ಅಲ್ಲಿತ್ತು. ಅಪ್ಪ ಶನಿವಾರ ಶನಿವಾರ ಅದನ್ನು ಸೋಪು ಹಾಕಿ ಉಜ್ಜಬೇಕು. ಮನೆಗೆ ಬಂದ ಕೂಡಲೇ ಔಮಾ — ಅವನ ತಾಯಿ — ಕೇಳುವಳು: "ಮುಖ ತೊಳೆಸಿದ್ಯೇನೋ ಅವರಿಗೆ? ಕಿವಿ ಹಿಂದೆ ಉಜ್ಜಿದ್ಯಾ?" ಅಪ್ಪನೂ ನಗುತ್ತಿದ್ದ. ನಮ್ಮವರ ಹೆಸರು ಅಲ್ಲಿ ಒಂದೂ ಇರಲಿಲ್ಲ.

ಏಪ್ರಿಲ್ 15

ನಿನ್ನೆ ಔಮಾ ಬಂದಳು ಪೆನ್ನಿಗೆ, ಇವತ್ತು ಬಿಡುತ್ತಿಲ್ಲ.

ಊರಿನಿಂದ ದ್ವೀಪಕ್ಕೆ ಕಿರಿದಾದ ಕಲ್ಲುದಾರಿ. ಎರಡೂ ಕಡೆ ಕಡಲು. ಔಮಾ ಅದರ ಈ ತುದಿಯವರೆಗೆ ಬರುವಳು, ಮುಂದಕ್ಕೆ ಒಂದು ಹೆಜ್ಜೆ ಇಲ್ಲ. ಕಂಬಳಿ ಹಾಸಿ, ಕೆಂಡ ಮಾಡಿ, ಜಾಲರಿ ಮೇಲೆ ರೊಟ್ಟಿ ಸುಡುವಳು — ಒಳಗೆ ಹತ್ತಿಯಂಥ ಮೆತ್ತಗಿನ ದಪ್ಪ ರೊಟ್ಟಿ. ಮೊದಲ ರೊಟ್ಟಿ ಮುರಿದು ಪಕ್ಕದ ಕಲ್ಲುಗುಡ್ಡೆಯ ಮೇಲೆ ಇಡುವಳು. ನಾಲಿಗೆ ಟಕ್ ಟಕ್ ಅನ್ನಿಸುವ ನಮ್ಮ ಹಳೇ ಮಾತಿನಲ್ಲಿ ಏನೋ ಹೇಳುವಳು. ಕಡಲಹಕ್ಕಿಗಳು ಕಾದೇ ಇರುತ್ತಿದ್ದವು, ಲಬಕ್ಕನೆ ಎತ್ತಿಕೊಂಡು ಹೋಗುವವು.

"ಹಕ್ಕಿಗ್ಯಾಕೆ ಔಮಾ ಮೊದಲನೇದು?" ಅಂತ ತಿಮೋ.

"ಹಕ್ಕಿಗಲ್ಲ, ಒಳಗಿರೋರಿಗೆ."

ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿ ನಮ್ಮ ಕೈಗೆ ಕೊಡುವಳು. "ಇಲ್ಲಿ ತಿನ್ಬೇಡಿ. ಅಲ್ಲಿ ಹೋಗಿ ತಿನ್ನಿ." ಬಿಸಿ ರೊಟ್ಟಿ ಎದೆಗೆ ಅವಚಿಕೊಂಡು ಓಡುತ್ತಿದ್ದೆವು. ಆ ಬಿಸಿ ಈಗಲೂ ಇಲ್ಲಿದೆ, ಅಂಗಿಯೊಳಗೆ.

ಅವಳು ಐದಾರು ವರ್ಷದವಳಿದ್ದಾಗ ಆ ಬೇಲಿಯೊಳಗೆ ಇದ್ದದ್ದು. ಅವಳ ತಾಯಿಯಿಂದ ಕಡಲಿಗೆ ಕಲ್ಲು ಹೊರಿಸಿದರು. ತಾಯಿ ಹೋದಳು, ಕಂಕುಳಲ್ಲಿದ್ದ ತಮ್ಮ ಹೋದ. ಇಷ್ಟನ್ನು ಅಪ್ಪ ಹೇಳಿದ್ದು, ಔಮಾ ಅಲ್ಲ. ಒಂದು ಮಾತ್ರ ಅರ್ಥವಾಗುವುದಿಲ್ಲ. ತಾನು ಕಾಲಿಡದ ಜಾಗಕ್ಕೆ ನಮ್ಮನ್ನು ಯಾಕೆ ಅಟ್ಟುತ್ತಿದ್ದಳು?

ಮೇ 3

ದೆಲೀನಾಳ ಗುಂಪಿನ ಕರಪತ್ರ ಮೇಜಿನ ಮೇಲಿತ್ತು. ನೂರಾರು ವರ್ಷದ ಮಾತುಗಳು ಅದರಲ್ಲಿ. ಯುರೋಪಿನ ದೊಡ್ಡ ಪ್ರೊಫೆಸರುಗಳು ಜನರನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿದ್ದು, ತಾವು ಮೇಲೆ, ನಾವು ತಳದಲ್ಲಿ. ಓದುತ್ತಾ ಓದುತ್ತಾ ಆ ಹೆಂಗಸು ನೆನಪಾದಳು.

ಬಿಳಿಯಳು, ಒಂದು ವರ್ಷ ಸೀಸನ್ ಮುಗಿದ ಮೇಲೂ ದ್ವೀಪದ ಟೆಂಟಿನಲ್ಲೇ ಉಳಿದಿದ್ದಳು, ಗಂಡನ ಜೊತೆ. ಕ್ಯಾಮೆರಾ ಇತ್ತು. ಒಳ್ಳೆಯ ಹೆಂಗಸು, ನನಗೂ ತಿಮೋಗೂ ಮಿಠಾಯಿ ಕೊಟ್ಟಳು. ಬೆರಳಿಂದ ನನ್ನ ಗಲ್ಲ ಎತ್ತಿ ಆ ಕಡೆ ಈ ಕಡೆ ತಿರುಗಿಸಿ ಫೋಟೋ ತೆಗೆದಳು. ಗಂಡನಿಗೆ ಜರ್ಮನ್‌ನಲ್ಲಿ ಏನೋ ಹೇಳಿದಳು, ನಾಳೆ ಮಂಜು ಬೀಳಬಹುದು ಅನ್ನುವಷ್ಟು ಸಲೀಸಾಗಿ. ಅಪ್ಪನಿಗೆ ಜರ್ಮನ್ ಬರುತ್ತಿತ್ತು. ಅವನ ಮುಖ ನೋಡಿದೆ, ಮಿಠಾಯಿ ಬಾಯಲ್ಲೇ ನಿಂತಿತು.

ಸಂಜೆ ಔಮಾಗೆ ಹೇಳಿದ. "ಬೇಗ ಫೋಟೋ ತೆಕ್ಕೋಬೇಕಂತೆ ಅಮ್ಮಾ. ನಾವು ಕರಗಿ ಹೋಗೋ ಜನವಂತೆ. ಮುಂದುವರಿದೋರ ಎದುರು ತಾನಾಗೇ ಮುಗಿದು ಹೋಗ್ತೀವಂತೆ. ಯಾರೂ ಏನೂ ಮಾಡಬೇಕಾಗಿಲ್ಲವಂತೆ."

"ಏನೂ ಮಾಡ್ಲಿಲ್ವಂತಾ?" ಅಂದಳು ಔಮಾ. ತಿಮೋನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. "ತಿನ್ನೋ. ಇನ್ನೂ ತಿನ್ನು."

ನನಗೆ ಈಗ ಮೈ ಉರಿಯುತ್ತದೆ. ಕೋವಿ, ಬೇಲಿ ಎಲ್ಲ ಆಮೇಲೆ ಬಂದದ್ದು. ಮೊದಲು ಬಂದದ್ದು ಈ ಮಾತು, ಹೀಗೇ, ಮಿಠಾಯಿ ಕೊಡುವ ಕೈಯವರ ಬಾಯಲ್ಲಿ. ಅವರ ಲೆಕ್ಕದಲ್ಲಿ ನಾವು ಆಗಲೇ ಸತ್ತವರು. ಆದರೆ ಮಿಠಾಯಿ ರುಚಿಯಾಗಿತ್ತು, ಅದನ್ನು ಯಾಕೆ ಸುಳ್ಳು ಬರೆಯಲಿ.

ಮೇ 20

ಟೆಂಟಿನ ಜಾಗ ಬುಕ್ ಮಾಡಿದೆ. ದೆಲೀನಾ ಎರಡು ದಿನದಿಂದ ಮಾತಾಡುತ್ತಿಲ್ಲ. ತನ್ನ ಮಗಳು ನೊಯೆಲಾಳ ಕೈಯಲ್ಲಿ ಹೇಳಿ ಕಳಿಸುತ್ತಾಳೆ: "ಅಜ್ಜೀ, ಅಮ್ಮ ಉಪ್ಪು ಕೊಡು ಅಂತಾಳೆ." ನಾಲ್ಕು ವರ್ಷದ ರಾಯಭಾರಿ. "ಅಮ್ಮಂಗೆ ಹೇಳು, ಉಪ್ಪು ಅವಳ ಮೂಗಿನ ಮುಂದೇ ಇದೆ ಅಂತ."

ಜೂನ್ 1

ಒಬ್ಬಳೇ ಹೋಗಿ ನೋಡಿಕೊಂಡು ಬಂದೆ. ಈಗ ಚಳಿಗಾಲಕ್ಕೂ ಗೇಟಿಗೆ ಬೀಗವಿಲ್ಲ, ಹೊರಗಿನವರು ನಾಲ್ಕೈದು ಟೆಂಟ್ ಹಾಕಿದ್ದರು. ಮಾಂಸ ಸುಡುವ ಹೊಗೆ, ಹಾಡು, ಮಕ್ಕಳ ಸೈಕಲ್ಲು. ಸಿಟ್ಟು ಬಂತು. ಬಂಡೆ ಮೇಲೆ ಕೂತು ನೋಡಿದರೆ ಅದರಲ್ಲಿ ಅರ್ಧ ಹೊಟ್ಟೆಕಿಚ್ಚು.

ನಮ್ಮ ಟೆಂಟ್ ಎಲ್ಲಿ ಹಾಕುವುದು ಅಂತ ಹುಡುಕಿದೆ. ಇಲ್ಲಿ ಹಾಕೋಣ ಅಂದರೆ — ಇದರ ಕೆಳಗೆ ಯಾರೋ. ಅಲ್ಲಿ ಅಂದರೆ — ಅಲ್ಲೂ ಯಾರೋ. ಆಗ ಗೂಟ ಹೊಡೆಯುವಾಗ ಹೀಗೆ ಅನ್ನಿಸಿರಲಿಲ್ಲ. ಗೂಟ ಹೊಡೆಯಲು ನನ್ನ ಕೈ ಏಳುವುದಿಲ್ಲ, ಗೊತ್ತಾಯಿತು. ಬರುವಾಗಲೇ ಆಫೀಸಿಗೆ ಹೋಗಿ ಬುಕಿಂಗ್ ರದ್ದು ಮಾಡಿದೆ. ದಾರಿಯುದ್ದಕ್ಕೂ ಅತ್ತೆ. ತಿಮೋಗೆ ಹೇಗೆ ಹೇಳಲಿ? ಸಾಯುವ ಹುಡುಗ ಕೇಳಿದ್ದು ಇದೊಂದೇ.

ಜೂನ್ 2

ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ.

"ಹೋಗ್ಲಿ ಬಿಡು. ಟೆಂಟ್ ಬೇಡ. ಆದ್ರೆ ಹೋಗದೆ ಇರೋ ಹಾಗಿಲ್ಲ ಅಕ್ಕಾ."

"ನಾವು ಅಲ್ಲಿ ಕುಣಿದಾಡಿದ್ದೇ ತಪ್ಪು ಅನ್ಸುತ್ತೆ ಕಣೋ. ಅವರ ತಲೆ ಮೇಲೆ."

"ತಪ್ಪಾ?" ಕೆಮ್ಮಿದ, ತುಂಬಾ ಹೊತ್ತು. "ಔಮಾ ಜೀವ ಹೋಗುವಾಗ ನೀನು ಊರಲ್ಲಿರ್ಲಿಲ್ಲ. ನಾನೇ ಪಕ್ಕದಲ್ಲಿದ್ದೆ. ಅಪ್ಪ ಆ ದ್ವೀಪದ ಕಾವಲು ಕೆಲಸ ಬೇಡ ಅಂದಿದ್ನಂತೆ. ಔಮಾನೇ ಹಟ ಮಾಡಿ ಸೇರಿಸಿದ್ದಂತೆ. ಯಾಕೆ ಅಂದೆ. 'ಆ ದ್ವೀಪದಲ್ಲಿ ಮಕ್ಕಳು ಅತ್ತಿದ್ದು ಮಾತ್ರ ಕೇಳಿದ್ದೆ. ಹೊಟ್ಟೆ ತುಂಬಿದ ಮಕ್ಕಳ ನಗು ನನ್ನ ಅಮ್ಮನ ಕಿವಿಗೆ ಬೀಳಲಿ ಅಂತ ನಿಮ್ಮನ್ನ ಕಳಿಸ್ತಿದ್ದೆ' ಅಂದ್ಲು. ಈ ತುದಿಯಲ್ಲಿ ಕೂತು ಕೇಳಿಸ್ಕೋತಿದ್ಲಂತೆ ಕಣೇ, ನಾವು ನಗೋದನ್ನ."

ಇಷ್ಟು ವರ್ಷ ಯಾಕೋ ಹೇಳಲಿಲ್ಲ ಅಂತ ಗದರಿದೆ.

"ಹೇಳಿದ್ರೆ ನೆನಪು ಭಾರ ಆಗುತ್ತೆ ಅನ್ನಿಸ್ತು. ನಿನ್ನ ಹತ್ರ ಅದು ಹಗುರವಾಗಿತ್ತಲ್ಲ... ಹಾಗೇ ಇರ್ಲಿ ಅಂತ."

ಜೂನ್ 3

ಹಿಟ್ಟು ಕಲಸಿದೆ. ಅಳುತ್ತಾ ಕಲಸಿದೆ. ಉಬ್ಬಿತು, ದರಿದ್ರದ್ದು.

ದೆಲೀನಾಗೆ ಎಲ್ಲ ಹೇಳಿದೆ. ಈ ಸಲ ರಾಯಭಾರಿ ಬರಲಿಲ್ಲ. ಉಪ್ಪು ತಾನೇ ತೆಗೆದುಕೊಂಡಳು.

ಜುಲೈ 11

ಬರೆಯಲು ಕೈ ಬರಲಿಲ್ಲ ಇಷ್ಟು ದಿನ. ತಿಮೋ ಆಸ್ಪತ್ರೆಯಲ್ಲಿದ್ದ. ಒಂದು ಸಲ ಕೈಬಿಟ್ಟೇ ಹೋಯಿತು ಅಂದರು. ಇವತ್ತು ಅವನೇ ಫೋನ್ ಮಾಡಿದ: "ಕ್ರೇನ್ ರೆಡಿ ಇಟ್ಕೋ."

ಜುಲೈ 20

ಬಂದ. ಅವನ ಮಗ ಕಾರಿನಲ್ಲಿ ಕರೆತಂದು ಬಿಟ್ಟು ಹೋದ. ಅಯ್ಯೋ, ನನ್ನ ಕ್ಯಾಪ್ಟನ್... ಮೂಳೆಗೆ ಸ್ವೆಟರ್ ತೊಡಿಸಿದ ಹಾಗಿದ್ದಾನೆ. ಅಡುಗೆಮನೆಯಲ್ಲಿ ಪಾತ್ರೆ ಕಂಡದ್ದೇ ತಲೆ ಮೇಲೆ ಬೋರಲು ಹಾಕಿಕೊಂಡ. ನೊಯೆಲಾ ಅವನನ್ನು ಹುಚ್ಚ ಅಂದುಕೊಂಡಿದ್ದಾಳೆ.

ಜುಲೈ 21

ದೆಲೀನಾ ರಜೆ ಹಾಕಿದ್ದಾಳಂತೆ. ನಾಳೆಗೆ, ನಾವು ದ್ವೀಪಕ್ಕೆ ಹೋಗುವ ದಿನಕ್ಕೆ.

"ಟೆಂಟ್ ಇಲ್ಲ ತಾನೆ?"

"ಇಲ್ಲ."

"ಬೆಂಕಿ ಕಲ್ಲುದಾರಿಯ ಈ ತುದಿಯಲ್ಲೇ ತಾನೆ? ಬರೀ ರೊಟ್ಟಿ?"

"ಏಪ್ರಿಕಾಟ್ ಜಾಮೂ."

ನಗು ಬಂತು ಅವಳಿಗೆ, ತಡೆದುಕೊಂಡಳು. ಆಮೇಲೆ ಒಳಗೆ ಹೋಗಿ ನೊಯೆಲಾಳ ದಪ್ಪ ಸ್ವೆಟರ್ ಹುಡುಕಿದಳು. ಅಲ್ಲಿಗೆ ಮಗುವನ್ನು ಇದುವರೆಗೆ ಬಿಟ್ಟವಳೇ ಅಲ್ಲ.

ಜುಲೈ 22, ಹಗಲು, ದ್ವೀಪದಲ್ಲಿ

ನಮ್ಮ ಹಡಗಿನ ಬಂಡೆ ಮೇಲೆ ಕೂತು ಬರೆಯುತ್ತಿದ್ದೇನೆ. ಗಾಳಿ ಪುಟ ಹಿಡಿದು ಎಳೆಯುತ್ತಿದೆ.

ತಿಮೋ ಕಲ್ಲುದಾರಿ ದಾಟಲಿಲ್ಲ. ಆಗಲಿಲ್ಲ. ನಾಲ್ಕು ಹೆಜ್ಜೆ ಇಟ್ಟು ಆಮ್ಲಜನಕದ ಸಿಲಿಂಡರ್ ತಬ್ಬಿಕೊಂಡು ನಿಂತ. ಅದಕ್ಕಾಗಿಯೇ ಅಷ್ಟು ದೂರದಿಂದ ಬಂದವನು. ಔಮಾ ಕೂರುತ್ತಿದ್ದಲ್ಲೇ ಕುರ್ಚಿ ಹಾಕಿ ಕೂರಿಸಿದೆವು. ದೆಲೀನಾ ಕೆಂಡ ಮಾಡಿದಳು. ಮೊದಲ ರೊಟ್ಟಿ ಅವಳೇ ಮುರಿದು ಕಲ್ಲುಗುಡ್ಡೆ ಮೇಲಿಟ್ಟಳು. ಹಳೇ ಮಾತು ಅವಳಿಗೆ ಬರುವುದಿಲ್ಲ. "ತಿನ್ನಿ" ಅಂದಳು ಅಷ್ಟೇ. ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿ ನೊಯೆಲಾಳ ಎದೆಗಿಟ್ಟಳು.

"ಅಜ್ಜಿ ಜೊತೆ ಹೋಗು. ಇಲ್ಲಿ ತಿನ್ಬೇಡ. ಅಲ್ಲಿ ಹೋಗಿ ತಿನ್ನು."

"ನೀನು?"

"ನಾನು ತಾತನ ಹತ್ರ ಇರ್ತೀನಿ."

"ಜೋರಾಗಿ ನಗ್ಬೇಕು ಮರೀ," ಅಂದ ತಿಮೋ. "ನನಗೆ ಕಿವಿ ಮಂದ."

ಬಂದೆವು. ತಿಂದಳು, ಎರಡು ರೊಟ್ಟಿ, ಮೂಗಿನವರೆಗೂ ಜಾಮು. ಆದರೆ ನಗಬೇಕಲ್ಲ! ನಗು ಅಂದರೆ ನಗುತ್ತದಾ ಮಗು? ಚಳಿ ಅಂತಾಳೆ, ಕಾಲು ನೋವು ಅಂತಾಳೆ, ಮನೆಗೆ ಹೋಗೋಣ ಅಂತಾಳೆ. ಕಚಗುಳಿ ಇಟ್ಟೆ, ಕೆನ್ನೆ ಉಬ್ಬಿಸಿದೆ. ಗಾಳಿಗೆ ಒರಗಿ ನಿಲ್ಲಲು ಹೋಗಿ ಜಾರಿ ಕೂತುಬಿಟ್ಟೆ. ಗಂಭೀರವಾಗಿ ನೋಡುತ್ತಾಳೆ. ಆ ಕಡೆ ತುದಿಯಲ್ಲಿ ತಿಮೋ ಚಿಕ್ಕದಾಗಿ ಕಾಣುತ್ತಾನೆ, ಕಿವಿಗೆ ಅಂಗೈ ಮರೆ ಹಿಡಿದು ಕೂತಿದ್ದಾನೆ. ಇನ್ನೆಷ್ಟು ಹೊತ್ತು ಕೂರಿಸಲಿ ಅವನನ್ನು ಈ ಚಳಿಯಲ್ಲಿ... ಅಳು ಬರುತ್ತಿದೆ. ಅದಕ್ಕೇ ಈ ಪುಸ್ತಕ ತೆಗೆದದ್ದು, ಮಗುವಿನ ಮುಂದೆ ಅಳಬಾರದು ಅಂತ.

ರೊಟ್ಟಿ ಒಂದು ಉಳಿದಿದೆ, ನನ್ನದು. ಎಡಗೈಯಲ್ಲಿ —

ಹಾಳು ಹಕ್ಕಿ! ಲಬಕ್ಕನೆ! ರೊಟ್ಟಿಯೂ ಹೋಯಿತು, ತಲೆಗೆ ಕಟ್ಟಿದ ಬಟ್ಟೆಯೂ ಹೋಯಿತು. ನೊಯೆಲಾ ನೆಲಕ್ಕೆ ಬಿದ್ದು ನಗುತ್ತಿದ್ದಾಳೆ. ಹೊಟ್ಟೆ ಹಿಡಿದುಕೊಂಡು, ಕೇಕೆ ಹಾಕಿ, ಉಸಿರು ಸಿಕ್ಕದೆ. ಅಜ್ಜಿ ತಲೆ, ಅಜ್ಜಿ ತಲೆ ಅಂತ. ಅಯ್ಯೋ ನನಗೂ —

ತಿಮೋ ಕೈ ಎತ್ತಿದ. ಎರಡೂ ಕೈ. ದೆಲೀನಾ ಎದ್ದು ನಿಂತಿದ್ದಾಳೆ, ಮುಖ ಮುಚ್ಚಿಕೊಂಡು. ಏನೋ ಕೂಗುತ್ತಿದ್ದಾರೆ, ಗಾಳಿ ಇಲ್ಲಿಂದ ಅವರ ಕಡೆಗೆ ಬೀಸುತ್ತಿದೆ, ನನಗೆ ಕೇಳುತ್ತಿಲ್ಲ. ಇನ್ನೊಂದು ಸಲ ಅಂತಲೋ ಏನೋ. ನೊಯೆಲಾ ನನ್ನ ಕೈ ಹಿಡಿದು ಎಳೆಯುತ್ತಿದ್ದಾಳೆ, ಹಕ್ಕಿ ಹಿಡಿಯಬೇಕಂತೆ. ಬಂದೆ ಕಣೇ, ತಡಿ, ಪೆನ್ನು ಮುಚ್ಚಿ ಬ